ಬಲಗಡೆಯವರು, ಎಡಗಡೆಯವರು

ಕಲಬುರಗಿಯ ಗತವೃತ್ತಾಂತವನ್ನು ಹೇಳಹೊರಟವರು ಬಹುಮಟ್ಟಿಗೆ ಎರಡು ಮತಗಳ ಕಥೆಯನ್ನೇ ಹೇಳುತ್ತಾರೆ. ಒಂದು ಕಡೆ ಕೋಟೆ, ಜಾಮಿ ಮಸೀದಿ, ಬಂದೇ ನವಾಜರ ದರ್ಗಾ. ಇನ್ನೊಂದು ಕಡೆ ಶರಣಬಸವೇಶ್ವರರ ಗುಡಿ, ತೇರು, ದಾಸೋಹ. ಇವೆರಡರ ನಡುವೆ ಒಂದು ಕಾಲಕ್ಕೆ ಸ್ನೇಹ, ಇನ್ನೊಂದು ಕಾಲಕ್ಕೆ ವೈರ. ಈ ಕಥೆಯು ಸುಳ್ಳೇನಲ್ಲ. ಆದರೆ ಈ ನಗರವನ್ನು ರಾಜಧಾನಿಯನ್ನಾಗಿ ಮಾಡಿಕೊಂಡು ತಲೆಯೆತ್ತಿದ ಬಹಮನಿ ರಾಜ್ಯವು ಸುಮಾರು 180 ವರ್ಷ ಬಾಳಿ, ಕಡೆಗೆ ಐದು ಹೋಳಾಗಿ ಒಡೆದುಹೋದುದಕ್ಕೆ ಮುಖ್ಯ ಕಾರಣವೇನೆಂದು ವಿಚಾರಿಸಿದರೆ, ಒಂದೇ ದಿಕ್ಕಿಗೆ ಮುಖಮಾಡಿ ನಮಾಜು ಮಾಡುತ್ತಿದ್ದ ಜನರು ಹುಟ್ಟಿದ ಸೀಮೆಯನ್ನೂ ಮೈಬಣ್ಣವನ್ನೂ ಆಡುವ ನುಡಿಯನ್ನೂ ಹಿಡಿದು ಪರಸ್ಪರರ ಪ್ರಾಣವನ್ನು ತೆಗೆದ ದೀರ್ಘವಾದೊಂದು ಕಲಹವು ಕಣ್ಣಿಗೆ ಬೀಳುತ್ತದೆ. ನಮ್ಮ ಪಠ್ಯಪುಸ್ತಕಗಳು ಅದನ್ನು ಒಂದು ವಾಕ್ಯದಲ್ಲಿ ಮುಗಿಸಿ ಮುಂದಕ್ಕೆ ಸಾಗುತ್ತವೆ. ಅಷ್ಟು ಅವಸರವು ಸಲ್ಲದೆಂದು ನನ್ನ ಅಭಿಪ್ರಾಯ.

1327ರಲ್ಲಿ ಮಹಮ್ಮದ್ ಬಿನ್ ತುಘಲಕನು ದೇವಗಿರಿಗೆ ದೌಲತಾಬಾದೆಂದು ಹೆಸರಿಟ್ಟು, ದಿಲ್ಲಿಯ ಕುಲೀನರನ್ನೂ ವಿದ್ವಾಂಸರನ್ನೂ ಸೂಫಿಗಳನ್ನೂ ದಕ್ಷಿಣಕ್ಕೆ ಹೊರಡಿಸಿದ ಸಂಗತಿಯು ಎಲ್ಲರಿಗೂ ತಿಳಿದದ್ದು. ಹಾಗೆ ಬಂದವರಲ್ಲಿ ಅನೇಕರು ಹಿಂದಿರುಗಲಿಲ್ಲ. ಅವರ ಮತ್ತು ಅವರಿಗಿಂತ ಮೊದಲೇ ದಂಡಿನೊಡನೆ ಬಂದು ನೆಲೆಯೂರಿದ್ದವರ ಬಲದಿಂದಲೇ 1347ರ ಬಂಡಾಯವು ನಡೆಯಿತು. ಅಲ್ಲಾವುದ್ದೀನ್ ಹಸನ್ ಬಹಮನ್ ಷಾ ಎಂಬ ಬಿರುದಿನಿಂದ ಪಟ್ಟಕ್ಕೇರಿದ ಸರದಾರನು ಕಲಬುರಗಿಗೆ ಅಹಸನಾಬಾದೆಂದು ಹೊಸ ಹೆಸರನ್ನಿಟ್ಟು ಇಲ್ಲಿ ಸಿಂಹಾಸನವನ್ನು ಸ್ಥಾಪಿಸಿದನು. ದಖನಿಗಳೆಂದು ಮುಂದೆ ಅಭಿಮಾನದಿಂದ ಹೇಳಿಕೊಂಡವರ ಮೂಲವು ಬಹುಪಾಲು ಇದು: ಅವರ ಹಿರಿಯರು ಈ ನೆಲವನ್ನು ಮೆಟ್ಟಿ ಒಂದೆರಡು ತಲೆಮಾರು ಕಳೆದಿತ್ತು, ಅಷ್ಟೆ. ಮಳಖೇಡದಲ್ಲಿ ರಾಷ್ಟ್ರಕೂಟರು ಆಳಿದ್ದನ್ನಾಗಲಿ, ಕಲ್ಯಾಣದಲ್ಲಿ ಚಾಲುಕ್ಯರು ಆಳಿದ್ದನ್ನಾಗಲಿ ನೆನಪಿನಲ್ಲಿ ಉಳಿಸಿಕೊಂಡಿದ್ದ ಕನ್ನಡ ರೈತನಿಗೆ ಅವರೂ ಹೊರಗಿನವರೇ ಆಗಿದ್ದರು.

ದಿಲ್ಲಿಯೊಡನೆ ಸಂಬಂಧವನ್ನು ಕಡಿದುಕೊಂಡ ರಾಜ್ಯಕ್ಕೆ ಉತ್ತರದ ಬಾಗಿಲು ಮುಚ್ಚಿಹೋಯಿತು. ಕುದುರೆ ಬೇಕು, ಬಿಲ್ಲಾಳು ಬೇಕು, ಲೆಕ್ಕಪತ್ರ ಬಲ್ಲ ಅಧಿಕಾರಿ ಬೇಕು, ವೈದ್ಯನೂ ಜ್ಯೋತಿಷಿಯೂ ಕವಿಯೂ ಬೇಕು. ಇವರೆಲ್ಲ ಎಲ್ಲಿಂದ ಬರಬೇಕು? ಉಳಿದದ್ದು ಪಶ್ಚಿಮದ ಸಮುದ್ರ. ಚೌಲ, ದಾಭೋಳ, ಗೋವೆಗಳ ಬಂದರುಗಳಲ್ಲಿ ಹೊರ್ಮುಜಿನಿಂದ ಬಂದ ಹಡಗುಗಳಿಂದ ಅರಬ್ಬೀ ಕುದುರೆಗಳೊಡನೆ ಇರಾನಿನವರೂ ಇರಾಕಿನವರೂ ಖೊರಾಸಾನದವರೂ ಇಳಿದರು. 1367ರಲ್ಲಿ ಕಲಬುರಗಿಯ ಕೋಟೆಯೊಳಗೆ ಜಾಮಿ ಮಸೀದಿಯನ್ನು ಕಟ್ಟಿದ ರಫಿ ಎಂಬಾತನು ಇರಾನಿನ ಕಜ್ವೀನ್ ನಗರದವನು. ಬಿಸಿಲಿಗೆ ತೆರೆದ ಅಂಗಳವಿಲ್ಲದೆ ಇಡಿಯ ಕಟ್ಟಡವನ್ನು ಗುಮ್ಮಟಗಳಿಂದ ಮುಚ್ಚಿಬಿಟ್ಟ ಆ ರಚನೆಯು ಹಿಂದೂಸ್ಥಾನದಲ್ಲಿ ಅಪರೂಪದ್ದು, ಕಲಬುರಗಿಯ ವೈಶಾಖದ ಬಿಸಿಲನ್ನು ಬಲ್ಲವರಿಗೆ ಮಾತ್ರ ಬಲು ಯುಕ್ತವೆಂದು ತೋರತಕ್ಕದ್ದು. ಸುಲ್ತಾನ ಎರಡನೆಯ ಮಹಮ್ಮದನು ಶಿರಾಜಿನ ಮಹಾಕವಿ ಹಾಫಿಜನನ್ನೇ ಇಲ್ಲಿಗೆ ಕರೆಸಲು ಹಣವನ್ನು ಕಳುಹಿಸಿದನೆಂದೂ, ಕವಿಯು ಹೊರ್ಮುಜಿನವರೆಗೆ ಬಂದು ಹಡಗನ್ನೇರಿ, ಬಿರುಗಾಳಿಯನ್ನು ಕಂಡು ದಡಕ್ಕಿಳಿದು, ಒಂದು ಪದ್ಯವನ್ನಷ್ಟೆ ಕಳುಹಿಸಿ ಊರಿಗೆ ಮರಳಿದನೆಂದೂ ಚರಿತ್ರಕಾರ ಫರಿಷ್ತಾ ಬರೆಯುತ್ತಾನೆ. ಸುಲ್ತಾನ ಫಿರೋಜ್ ಷಾನ ಕಾಲದಲ್ಲಿ, ಎಂದರೆ 1397ರಿಂದ 1422ರ ಪರ್ಯಂತ, ವಿದ್ವಾಂಸರನ್ನೂ ಉತ್ತಮ ವಸ್ತುಗಳನ್ನೂ ತರುವುದಕ್ಕಾಗಿ ವರ್ಷ ವರ್ಷವೂ ಹಡಗುಗಳು ಹೊರಡುತ್ತಿದ್ದುವು.

ಹೀಗೆ ಬಂದವರಿಗೆ ಆಫಾಕಿಗಳೆಂದು ಹೆಸರಾಯಿತು. ದಿಗಂತದಾಚೆಯವರೆಂದು ಆ ಹೆಸರಿನ ಭಾವ. ಅದೇ ಕಡಲಿನಿಂದಲೇ, ಆದರೆ ಗುಲಾಮರಾಗಿ, ಅಬಿಸೀನಿಯದ ಹಬ್ಶಿಗಳೂ ಬಂದರು. ಸ್ವಾರಸ್ಯವಾದ ಸಂಗತಿಯು ಇಲ್ಲಿಯೇ ಇದೆ. ಹಬ್ಶಿಯೂ ಹೊರಸೀಮೆಯವನೇ ಆಗಿದ್ದರೂ ಕಪ್ಪು ಮೈಬಣ್ಣದ ಅವನನ್ನು ಇರಾನಿನ ಕುಲೀನನು ತನ್ನ ಸಾಲಿನಲ್ಲಿ ಕೂರಿಸಿಕೊಳ್ಳಲಿಲ್ಲ. ಆದುದರಿಂದ ಅವನು ದಖನಿಗಳ ಪಕ್ಷವನ್ನು ಸೇರಿದನು. ದಖನಿಗಳ ಪಕ್ಷವೋ ದಿಲ್ಲಿಯಿಂದ ಬಂದವರ ಸಂತಾನ, ಮತಾಂತರ ಹೊಂದಿದ ಬ್ರಾಹ್ಮಣರ ಮಕ್ಕಳು, ಯುದ್ಧದಲ್ಲಿ ಸೆರೆಸಿಕ್ಕ ವಿಜಯನಗರ ಸೀಮೆಯ ಹುಡುಗರು, ಹೀಗೆ ನಾನಾ ಮೂಲದವರ ಕೂಟವಾಗಿತ್ತು. ಆಫಾಕಿಗಳಲ್ಲಿ ಷಿಯಾ ಪಂಥದವರು ಹೆಚ್ಚಾಗಿಯೂ ದಖನಿಗಳಲ್ಲಿ ಸುನ್ನಿಗಳು ಹೆಚ್ಚಾಗಿಯೂ ಇದ್ದುದರಿಂದ ಕಲಹಕ್ಕೆ ಪಂಥದ ಬಣ್ಣವೂ ಕೂಡಿಕೊಂಡಿತು. ಆದರೆ ಎಲ್ಲಕ್ಕೂ ತಳದಲ್ಲಿದ್ದುದು ಜಾಗೀರು. ಸರದಾರರ ಸಂಖ್ಯೆಯು ಬೆಳೆಯುತ್ತಲೇ ಇತ್ತು. ಅವರಿಗೆ ಹಂಚಬೇಕಾದ ನೆಲದ ಕಂದಾಯವು ಅಷ್ಟೇ ವೇಗದಿಂದ ಬೆಳೆಯಲಿಲ್ಲ.

ಕಲಬುರಗಿಯಲ್ಲಿಯೇ ಈ ಕಿಡಿಯು ಮೊದಲು ಕಂಡಿತು. 1397ರಲ್ಲಿ ತಘಲ್ಚಿನ್ ಎಂಬ ತುರ್ಕಿ ಗುಲಾಮನು, ತಾನು ಬಯಸಿದ ಹುದ್ದೆಯು ಸಿಗಲಿಲ್ಲವೆಂದು, ಎಳೆಯ ಸುಲ್ತಾನ ಘಿಯಾಸುದ್ದೀನನನ್ನು ಮನೆಗೆ ಔತಣಕ್ಕೆ ಕರೆದು ಕಣ್ಣು ಕೀಳಿಸಿದನು. ಆ ಗೊಂದಲದಿಂದಲೇ ಫಿರೋಜನು ಪಟ್ಟವನ್ನೇರಿದುದು. ಇಪ್ಪತ್ತೈದು ವರ್ಷದ ತರುವಾಯ ಫಿರೋಜನ ತಲೆಯ ಮೇಲಿಂದ ಕಿರೀಟವು ಜಾರಿದ ಪ್ರಸಂಗವು ಇನ್ನೂ ವಿಚಿತ್ರವಾದುದು. ವೃದ್ಧನೂ ರೋಗಿಯೂ ಆಗಿದ್ದ ಫಿರೋಜನು ತನ್ನ ಮಗನಿಗೆ ರಾಜ್ಯವನ್ನು ಕೊಡಬಯಸಿ, ತಮ್ಮನಾದ ಅಹಮದನನ್ನು ಕುರುಡನನ್ನಾಗಿ ಮಾಡಿಸಬೇಕೆಂಬ ಆಪ್ತ ಗುಲಾಮರ ದುರ್ಬೋಧೆಗೆ ಕಿವಿಗೊಟ್ಟನು. ಸುದ್ದಿ ತಿಳಿದ ಅಹಮದನು ಬೆಳಗಾಗುವ ಮುನ್ನ ಹೊರಡಬೇಕೆನ್ನುವಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಮನುಷ್ಯನು ನಿಂತಿದ್ದನು. ಬಸ್ರಾ ಪಟ್ಟಣದ ಅರಬ್ಬೀ ವರ್ತಕ ಖಲಫ್ ಹಸನ್. ಕುದುರೆ ವ್ಯಾಪಾರದಲ್ಲಿ ಅಹಮದನಿಗೆ ಪರಿಚಿತನಾಗಿದ್ದವನು. ಕಷ್ಟಕಾಲದಲ್ಲಿ ನನ್ನೊಡನೆ ಬಂದು ನೀನೇಕೆ ಕೆಡುವೆ ಎಂದರೂ ಕೇಳದೆ ಅವನು ಜೊತೆಗೂಡಿದನು. ಬೆನ್ನಟ್ಟಿ ಬಂದ ಅರಮನೆಯ ಸೈನ್ಯವು ದೊಡ್ಡದು, ಅಹಮದನ ಕಡೆಯವರು ಕೆಲವೇ ಮಂದಿ. ಆಗ, ಧಾನ್ಯದ ಹೇರನ್ನು ಹೊತ್ತು ಸಾಗುತ್ತಿದ್ದ ಬಣಜಾರರ ಸುಮಾರು ಎರಡು ಸಾವಿರ ಎತ್ತುಗಳು ಖಲಫ್ ಹಸನನ ಕಣ್ಣಿಗೆ ಬಿದ್ದುವಂತೆ. ಅವುಗಳ ಮೇಲೆ ಬಣ್ಣಬಣ್ಣದ ಬಾವುಟಗಳನ್ನು ಕಟ್ಟಿಸಿ, ಆಳುಗಳನ್ನು ಹತ್ತಿಸಿ, ದೂರದಲ್ಲಿ ಧೂಳೆಬ್ಬಿಸುತ್ತ ಬರುವಂತೆ ಏರ್ಪಡಿಸಿದನು. ಅಹಮದನ ಸಹಾಯಕ್ಕೆ ಸರದಾರರು ಬಂದರೆಂದು ಬಗೆದು ಅರಮನೆಯ ಸೈನ್ಯವು ಚದರಿತು.

ಕಲಬುರಗಿಯಿಂದ ಈಶಾನ್ಯಕ್ಕೆ ಹೊರಟು ಕಮಲಾಪುರವನ್ನು ದಾಟಿ ಹುಮನಾಬಾದಿನ ಕಡೆಗೆ ಸಾಗುವ ಏರುತಗ್ಗಿನ ದಾರಿಯನ್ನು ನೋಡಿದವರಿಗೆ, ಎತ್ತಿನ ಧೂಳನ್ನು ಕುದುರೆಯ ಧೂಳೆಂದು ಭ್ರಮಿಸುವುದು ಅಸಾಧ್ಯವೆಂದು ತೋರಲಾರದು. ಆ ಸೀಮೆಯ ತಾಂಡಾಗಳಲ್ಲಿ ಇಂದಿಗೂ ಬಣಜಾರರು ವಾಸವಾಗಿದ್ದಾರೆ. ಬಸ್ರಾದ ಅರಬನೊಬ್ಬನು ಬಣಜಾರರ ಎತ್ತುಗಳ ನೆರವಿನಿಂದ ಕಲಬುರಗಿಯ ಸಿಂಹಾಸನವನ್ನು ಕೈಬದಲಾಯಿಸಿದನೆಂಬ ಈ ಕಥೆಯಲ್ಲಿ ಅರಬನಿಗೆ ಮಲಿಕ್-ಉತ್-ತುಜ್ಜಾರ್, ಎಂದರೆ ವರ್ತಕರ ಒಡೆಯ, ಎಂಬ ಬಿರುದು ದೊರೆಯಿತು; ಎತ್ತಿನವರಿಗೆ ಬಾಡಿಗೆ ಸಂದಿತೋ ಇಲ್ಲವೋ ಎಂಬ ಮಾತನ್ನು ಚರಿತ್ರಕಾರನು ಎತ್ತುವುದೇ ಇಲ್ಲ.

ಅಹಮದನು ಕೆಲವೇ ವರ್ಷಗಳಲ್ಲಿ ರಾಜಧಾನಿಯನ್ನು ಬೀದರಿಗೆ ಸಾಗಿಸಿದನು. ಕೋಶ, ದಫ್ತರ, ಅಂತಃಪುರ, ಲಾಯ, ಅಂಗಡಿಸಾಲು ಎಲ್ಲವೂ ಕಲಬುರಗಿಯನ್ನು ಬಿಟ್ಟು ಈಶಾನ್ಯದ ಆ ಪ್ರಸ್ಥಭೂಮಿಯನ್ನೇರಿದುವು. ಹೊಸ ದೊರೆಯು ಇರಾಕ್, ಖೊರಾಸಾನ್, ತುರ್ಕಿ, ಅರಬಸ್ಥಾನಗಳಿಂದ ಮೂರು ಸಾವಿರ ಬಿಲ್ಲುಗಾರರ ಪಡೆಯನ್ನು ಕಟ್ಟಿಸಿದುದೂ, ಕಿರ್ಮಾನಿನ ಶಾ ನಿಅಮತುಲ್ಲಾನ ಮೊಮ್ಮಗನನ್ನು ಬೀದರಿಗೆ ಕರೆಸಿ ಎಲ್ಲ ಸೂಫಿಗಳಿಗಿಂತ ಮೇಲಿನ ಗೌರವವನ್ನು ಕೊಟ್ಟುದೂ ದಖನಿಗಳ ಮನಸ್ಸನ್ನು ಕದಡಿದುವು. ಕಲಬುರಗಿಗೆ ಇದರ ನೋವು ಹೆಚ್ಚು. ದಿಲ್ಲಿಯಲ್ಲಿ ಹುಟ್ಟಿ, ಬಾಲ್ಯವನ್ನು ದೌಲತಾಬಾದಿನಲ್ಲಿ ಕಳೆದು, ತೈಮೂರನ ದಾಳಿಯ ಕಾಲದಲ್ಲಿ ದಿಲ್ಲಿಯನ್ನು ಬಿಟ್ಟು, ಸುಮಾರು 1400ರ ವೇಳೆಗೆ ಎಂಬತ್ತರ ಸಮೀಪದ ವಯಸ್ಸಿನಲ್ಲಿ ಇಲ್ಲಿಗೆ ಬಂದ ಖ್ವಾಜಾ ಬಂದೇ ನವಾಜ್ ಗೇಸುದರಾಜರು ಫಿರೋಜನ ಅಸಮಾಧಾನವನ್ನೂ ಲೆಕ್ಕಿಸದೆ ಅಹಮದನಿಗೆ ಆಶೀರ್ವಾದ ಮಾಡಿದ್ದರು. 1422ರಲ್ಲಿ ಅವರು ತೀರಿಕೊಂಡ ತರುವಾಯ ಅವರ ವಂಶಸ್ಥರನ್ನು ಕಿರ್ಮಾನಿನ ಮನೆತನಕ್ಕಿಂತ ಕೆಳಗಿನ ಆಸನದಲ್ಲಿ ಕೂರಿಸಲಾಯಿತು. ಅರಮನೆಯನ್ನು ಕಳೆದುಕೊಂಡ ನಗರಕ್ಕೆ ದರ್ಗಾ ಉಳಿಯಿತು. ಬೀದರಿನ ಇರಾನೀಯರಿಗೆ ಎದುರಾಗಿ ದಖನಿಗಳ ಭಕ್ತಿಯು ಇತ್ತ ಹರಿಯಿತು. ಅಹಮದನೋ ಕಾಲಾಂತರದಲ್ಲಿ ಪಕ್ಷಗಳನ್ನೆಲ್ಲ ಮೀರಿಬಿಟ್ಟನು: ಬೀದರಿನ ಬಳಿಯ ಅಷ್ಟೂರಿನಲ್ಲಿ ಅವನ ಗೋರಿಯ ಉರುಸು ಹಿಂದೂ ಪಂಚಾಂಗವನ್ನನುಸರಿಸಿ ನಡೆಯುತ್ತದೆ, ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಹೋಗಿ ಅದರಲ್ಲಿ ಮುಂದಾಳಾಗಿ ನಿಲ್ಲುತ್ತಾರೆ, ಅಲ್ಲಿ ನೆರೆದ ಲಿಂಗಾಯತ ಭಕ್ತರು ಆ ಸುಲ್ತಾನನಲ್ಲಿ ಅಲ್ಲಮಪ್ರಭುವನ್ನು ಕಾಣುತ್ತಾರೆ.

ಅಹಮದನ ಮಗ ಎರಡನೆಯ ಅಲ್ಲಾವುದ್ದೀನನು ದರ್ಬಾರಿನಲ್ಲಿ ಆಫಾಕಿಗಳು ಸಿಂಹಾಸನದ ಬಲಗಡೆಗೂ ದಖನಿಗಳು ಮತ್ತು ಹಬ್ಶಿಗಳು ಎಡಗಡೆಗೂ ನಿಲ್ಲತಕ್ಕದ್ದೆಂದು ಆಜ್ಞೆ ಮಾಡಿದನು. (ಇದನ್ನು ಕನ್ನಡ ನಾಡಿನ ಬಲಗೈ ಎಡಗೈ ಪಣಗಳೊಡನೆ ಬೆರೆಸಬಾರದು, ಅವುಗಳ ಹುಟ್ಟು ಬೇರೆ, ಜಗಳವೂ ಬೇರೆ.) ಅದುವರೆಗೆ ಮಂತ್ರಾಲೋಚನೆಯ ಮರೆಯಲ್ಲಿದ್ದ ವೈರವು ಅಂದಿನಿಂದ ನೆಲದ ಮೇಲೆ ಗೆರೆ ಎಳೆದಂತೆ ಪ್ರತ್ಯಕ್ಷವಾಯಿತು. ಯಾವನು ಯಾವ ಕಡೆಯವನೆಂಬುದನ್ನು ಇನ್ನು ಯಾರೂ ಕೇಳಬೇಕಾಗಿರಲಿಲ್ಲ. ಕೆಲಕಾಲದಲ್ಲಿಯೇ ಕೊಂಕಣದ ಕಾಡಿನಲ್ಲಿ ಖಲಫ್ ಹಸನನು ಅಲ್ಲಿನ ನಾಯಕರ ವಂಚನೆಗೆ ಸಿಲುಕಿ ಸೈನ್ಯಸಮೇತ ಹತನಾದನು. ಅಳಿದುಳಿದ ಆಫಾಕಿಗಳು ಪುಣೆಯ ಸಮೀಪದ ಚಾಕಣ ಕೋಟೆಯನ್ನು ಸೇರಿದರು. ಅವರು ರಾಜದ್ರೋಹಕ್ಕೆ ತೊಡಗಿದ್ದಾರೆಂದು ದಖನಿ ಸರದಾರರು ಸುಲ್ತಾನನಿಗೆ ಬರೆದರು, ಸುಲ್ತಾನನು ನಂಬಿದನು. ಬಳಿಕ ಅಭಯವನ್ನು ಕೊಟ್ಟು ಊಟಕ್ಕೆ ಕರೆದು ಅವರನ್ನು ಕೊಂದರು. ಸತ್ತವರಲ್ಲಿ ಸಯ್ಯದರೇ ಸಾವಿರಕ್ಕೂ ಹೆಚ್ಚೆಂದು ಫರಿಷ್ತಾ ಹೇಳುತ್ತಾನೆ. ತಪ್ಪಿಸಿಕೊಂಡ ಕೆಲವರಿಂದ ನಿಜವು ತಿಳಿದಾಗ ಸುಲ್ತಾನನ ಕೋಪವು ದಖನಿಗಳ ಕಡೆಗೆ ತಿರುಗಿತು, ಅವರ ಮನೆಗಳು ಹಾಳಾದುವು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದುವರಿಯುವುದು ನ್ಯಾಯವಲ್ಲ. ಫರಿಷ್ತಾ ಸ್ವತಃ ಕಾಸ್ಪಿಯನ್ ಸಮುದ್ರದ ಬಳಿಯ ಅಸ್ತರಾಬಾದಿನವನು, ಅಹಮದನಗರದಿಂದ ಬಿಜಾಪುರಕ್ಕೆ ಬಂದು ಎರಡನೆಯ ಇಬ್ರಾಹಿಂ ಆದಿಲ್ ಷಾನ ಆಶ್ರಯದಲ್ಲಿ ಗ್ರಂಥವನ್ನು ಬರೆದವನು. ಬಹಮನಿಗಳ ಇನ್ನೊಬ್ಬ ಮುಖ್ಯ ಚರಿತ್ರಕಾರ ತಬಾತಬಾ ಎಂಬಾತನೂ ಇರಾನಿನಿಂದ ಬಂದವನೇ. ಹೀಗಿರಲಾಗಿ ನಮಗೆ ಒದಗಿರುವ ಕಥೆಯೆಲ್ಲ ಬಲಗಡೆಯವರು ಹೇಳಿದುದು. ಎಡಗಡೆಯವರ ಸಾಕ್ಷ್ಯವು ನಮ್ಮ ಕೈಗೆ ಬಂದಿಲ್ಲ. ದಖನಿಗಳು ಕಪಟಿಗಳು, ಆಫಾಕಿಗಳು ವೀರರು ಎಂದು ಪುಟಪುಟದಲ್ಲಿಯೂ ಬರುವ ಮಾತನ್ನು ಅಷ್ಟರಮಟ್ಟಿಗೆ ತಗ್ಗಿಸಿಯೇ ಓದಬೇಕು. ಊಟಕ್ಕೆ ಕರೆದು ಕೊಂದುದು ಅದರಿಂದ ಸುಳ್ಳಾಗುವುದಿಲ್ಲವೆಂಬುದೂ ಸರಿಯೇ.

ಅಮೆರಿಕದ ಲಾಸ್ ಏಂಜಲಿಸ್ ನಗರವನ್ನು ಕುರಿತು ಪಾಲ್ ಹ್ಯಾಗಿಸ್ ಎಂಬ ನಿರ್ದೇಶಕನು 2004ರಲ್ಲಿ ಮಾಡಿದ, ಆಸ್ಕರ್ ಪ್ರಶಸ್ತಿಯನ್ನೂ ಪಡೆದ, ‘ಕ್ರ್ಯಾಶ್’ ಎಂಬ ಚಲಚ್ಚಿತ್ರವುಂಟು. ಅದರಲ್ಲಿ ನಾಯಕನೆಂಬವನಿಲ್ಲ. ಬಿಳಿಯ ಪೊಲೀಸನು, ಕರಿಯ ನಿರ್ದೇಶಕನು, ಬೀಗ ರಿಪೇರಿಯ ಲ್ಯಾಟಿನ್ ಯುವಕನು, ಇರಾನಿ ಅಂಗಡಿಕಾರನು, ಹೀಗೆ ಹಲವರು ಒಂದೇ ನಗರದಲ್ಲಿ ಒಬ್ಬರಿಗೊಬ್ಬರು ಢಿಕ್ಕಿ ಹೊಡೆಯುತ್ತಾರೆ. ಇರಾನಿಯನ್ನು ಅರಬನೆಂದು ತಿಳಿದು ಅವನ ಅಂಗಡಿಯನ್ನು ಯಾರೋ ಧ್ವಂಸ ಮಾಡುತ್ತಾರೆ. ಆ ಚಿತ್ರವು ಎಲ್ಲವನ್ನೂ ಕಾಕತಾಳೀಯಕ್ಕೆ ಬಿಟ್ಟುದು ನನಗೆ ಅಷ್ಟಾಗಿ ಒಪ್ಪಿಗೆಯಾಗಿಲ್ಲ, ಏಕೆಂದರೆ ನಗರಗಳ ದ್ವೇಷವು ಯಾರಿಗೆ ಯಾವ ಹುದ್ದೆ, ಯಾರಿಗೆ ಯಾವ ಬೀದಿ ಎಂಬ ಏರ್ಪಾಡಿನಿಂದ ಹುಟ್ಟತಕ್ಕದ್ದು. ಆದರೆ ನಾಯಕನಿಲ್ಲದ ಕಥನಕ್ರಮವು ಮಾತ್ರ ಬಹಮನಿ ಚರಿತ್ರೆಗೆ ಚೆನ್ನಾಗಿ ಒಪ್ಪುತ್ತದೆ; ಇಲ್ಲಿಯೂ ತಪ್ಪಿಲ್ಲದವರನ್ನು ಹುಡುಕುವುದು ಕಷ್ಟ.

ಇದ್ದರೆ ಒಬ್ಬನು, ಮಹಮೂದ್ ಗವಾನ್. ಕಾಸ್ಪಿಯನ್ ತೀರದ ಗೀಲಾನಿನಿಂದ 1453ರಲ್ಲಿ ವ್ಯಾಪಾರಕ್ಕಾಗಿ ಬಂದು ಬೀದರಿನಲ್ಲಿ ನಿಂತು, ಪ್ರಧಾನಮಂತ್ರಿಯ ಪದವಿಗೇರಿದವನು. ಅವನು ಎರಡು ಪಕ್ಷಗಳನ್ನು ತೂಗಿ ನಡೆಸಲೆತ್ನಿಸಿದುದು ಅವನು ಮಾಡಿದ ಪ್ರಾಂತವಿಭಾಗದಲ್ಲಿಯೇ ತೋರಿಬರುತ್ತದೆ. ನಾಲ್ಕು ಪ್ರಾಂತಗಳನ್ನು ಎಂಟಾಗಿ ಒಡೆದಾಗ ಹಳೆಯ ಕಲಬುರಗಿ ಪ್ರಾಂತವು ಬಿಜಾಪುರ, ಕಲಬುರಗಿ ಎಂದು ಎರಡಾಯಿತು. ಬಿಜಾಪುರವನ್ನು ತನ್ನ ಕೈಯಲ್ಲಿಟ್ಟುಕೊಂಡು ಕಲಬುರಗಿಯನ್ನು ದಸ್ತೂರ್ ದೀನಾರನೆಂಬ ಹಬ್ಶಿಗೆ ಒಪ್ಪಿಸಿದನು. ಆಫ್ರಿಕದಿಂದ ಗುಲಾಮನಾಗಿ ಬಂದ ಜನದವನೊಬ್ಬನು ಈ ನಗರದ ಅಧಿಪತಿಯಾಗಿ ಕುಳಿತನೆಂಬ ಸಂಗತಿಯನ್ನು ಕಲಬುರಗಿಯವರು ಇನ್ನಷ್ಟು ನೆನಪಿಡಬಹುದಿತ್ತು. ಸರದಾರರಿಗೆ ತಲಾ ಒಂದೇ ಕೋಟೆಯೆಂದೂ, ಭೂಮಿಯನ್ನು ಅಳೆಯಿಸಿ ಕಂದಾಯವನ್ನು ಗೊತ್ತುಪಡಿಸಬೇಕೆಂದೂ ಗವಾನನು ಮಾಡಿದ ಕಟ್ಟಳೆಗಳು ಎರಡು ಪಕ್ಷಗಳ ಜೇಬಿಗೂ ಕತ್ತರಿಯಾದುವು. ಸೇಡು ಮಾತ್ರ ಪರದೇಶಿಯೆಂಬ ಹೆಸರಿನಲ್ಲಿ ತೀರಿತು. ಅವನ ಮುದ್ರೆಯನ್ನು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡು, ಒರಿಸ್ಸದ ಅರಸನನ್ನು ದಂಡೆತ್ತಿ ಬರುವಂತೆ ಕರೆದ ಪತ್ರವನ್ನು ಸೃಷ್ಟಿಸಿ, ಕುಡಿತದ ಅಮಲಿನಲ್ಲಿದ್ದ ಮೂರನೆಯ ಮಹಮ್ಮದನಿಗೆ ತೋರಿಸಿದರು. 1481ರ ಏಪ್ರಿಲ್ 5ರಂದು, ಆಂಧ್ರದ ಕೊಂಡಪಲ್ಲಿಯ ಶಿಬಿರದಲ್ಲಿ, ಎಪ್ಪತ್ತು ದಾಟಿದ ವೃದ್ಧನ ತಲೆಯನ್ನು ಹಬ್ಶಿಯೊಬ್ಬನು ಕಡಿದನು. ಈ ಪಿತೂರಿಯ ಮುಖಂಡ ಮಲಿಕ್ ಹಸನ್ ನಿಜಾಮ್-ಉಲ್-ಮುಲ್ಕನು ಬ್ರಾಹ್ಮಣ ಕುಲದಲ್ಲಿ ಹುಟ್ಟಿ, ಸೆರೆಯಾಗಿ ಬಂದು, ದಖನಿಗಳ ನಾಯಕನಾದವನು.

ಇಷ್ಟೆಲ್ಲ ನಡೆಯುತ್ತಿದ್ದಾಗ ಹಳ್ಳಿಗಳ ಸ್ಥಿತಿಯೇನಾಗಿತ್ತು? 1470ರ ಆಸುಪಾಸಿನಲ್ಲಿ ಒಂದು ಗಂಡುಕುದುರೆಯನ್ನು ಮಾರುವ ಆಸೆಯಿಂದ ಬಂದ ರಷ್ಯದ ವರ್ತಕ ಅಫನಾಸಿ ನಿಕಿತಿನನಿಗೆ ಪಕ್ಷಾಭಿಮಾನವೇನೂ ಇರಲಿಲ್ಲ. ಅಧಿಕಾರವೆಲ್ಲ ಖೊರಾಸಾನಿಗಳ ಕೈಯಲ್ಲಿದೆಯೆಂದೂ, ಸರದಾರರು ಬೆಳ್ಳಿಯ ಮೇನೆಗಳಲ್ಲಿ ತಿರುಗುವಾಗ ನೆಲದ ಮಕ್ಕಳು ಕಡುಬಡವರೆಂದೂ ಅವನು ಬರೆದಿಟ್ಟನು. ಅವನು ವರ್ಣಿಸುವ ಶೇಖ್ ಅಲ್ಲಾವುದ್ದೀನನ ಜಾತ್ರೆಯು ಇಂದಿನ ಕಲಬುರಗಿ ಜಿಲ್ಲೆಯ ಆಳಂದದ್ದೆಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿ ಹತ್ತು ದಿನದ ಸಂತೆಗೆ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಬರುತ್ತಿದ್ದುವಂತೆ. ಅಷ್ಟು ಕುದುರೆಗಳಿಗೆ ಹುರುಳಿಯೂ ಕಡಲೆಯೂ ಹುಲ್ಲೂ ಆಳಂದ, ಕಮಲಾಪುರ, ಮಹಾಗಾಂವಗಳ ಸುತ್ತಣ ಕರಿಯ ಹೊಲಗಳಿಂದಲ್ಲದೆ ಬೇರೆಲ್ಲಿಂದ ಬರಬೇಕು? ಇಂದು ಕೆಂಪು ಬಾಳೆಯಿಂದ ಹೆಸರಾಗಿರುವ ಕಮಲಾಪುರದ ಸೀಮೆಯು ಎರಡು ರಾಜಧಾನಿಗಳ ನಡುವಣ ದಾರಿಯಲ್ಲಿದ್ದ ತಪ್ಪಿಗೆ ಬಲಗಡೆಯವರ ದಂಡಿಗೂ ಎಡಗಡೆಯವರ ದಂಡಿಗೂ ಮೇವನ್ನು ಒದಗಿಸಿರಲೇಬೇಕು.

ಉಳಿದುದನ್ನು ಬೇಗನೆ ಹೇಳಬಹುದು. 1487ರಲ್ಲಿ ಬೀದರಿನ ಕೋಟೆಯೊಳಗೆ ದಖನಿಗಳೂ ಹಬ್ಶಿಗಳೂ ಮೂರನೆಯ ಮಹಮ್ಮದನ ತರುವಾಯ ಪಟ್ಟಕ್ಕೆ ಬಂದ ಸುಲ್ತಾನ ಮಹಮೂದನನ್ನು ಕೊಲ್ಲಲೆತ್ನಿಸಿ ವಿಫಲರಾದರು; ಪ್ರತೀಕಾರವಾಗಿ ಮೂರು ದಿನ ನಗರದಲ್ಲಿ ಅವರ ಕೊಲೆ ನಡೆಯಿತು. ದಸ್ತೂರ್ ದೀನಾರನನ್ನು ಯುದ್ಧದಲ್ಲಿ ಕೊಂದು ಬಿಜಾಪುರದ ಯೂಸುಫ್ ಆದಿಲನು ಕಲಬುರಗಿಯನ್ನು ಸೇರಿಸಿಕೊಂಡನು. ಒಡೆದ ರಾಜ್ಯದ ಐದು ಮನೆತನಗಳಲ್ಲಿ ಬಿಜಾಪುರ, ಗೋಲ್ಕೊಂಡ, ಬೀದರುಗಳದು ಪರದೇಶದ ಮೂಲ; ಅಹಮದನಗರದ್ದು ಆ ಮಲಿಕ್ ಹಸನನ ಸಂತಾನ; ಬೇರಾರಿನ ಫತಹುಲ್ಲಾ ಇಮಾದ್-ಉಲ್-ಮುಲ್ಕನೋ ವಿಜಯನಗರದ ಸೀಮೆಯಲ್ಲಿ ಬಾಲ್ಯದಲ್ಲಿಯೇ ಸೆರೆಸಿಕ್ಕ ಕನ್ನಡಿಗ. ಬಿಜಾಪುರದಲ್ಲಿ ಒಂದನೆಯ ಇಬ್ರಾಹಿಮನು ಪಟ್ಟಕ್ಕೆ ಬಂದೊಡನೆ ಆಫಾಕಿಗಳಲ್ಲಿ ಹೆಚ್ಚಿನವರನ್ನು ಕೆಲಸದಿಂದ ತೆಗೆದು, ಪಾರಸಿಯಲ್ಲಿದ್ದ ಲೆಕ್ಕಪತ್ರವನ್ನು ದೇಶಭಾಷೆಗೆ ತಿರುಗಿಸಿ, ಬ್ರಾಹ್ಮಣ ಕರಣಿಕರನ್ನು ನೇಮಿಸಿದನು. ಕಲಬುರಗಿಯ ಪಟ್ಟಿಯಲ್ಲಿ ಕುಲಕರ್ಣಿಯ ಲೇಖಣಿಗೆ ಬಂದ ಬಲಕ್ಕೆ ಸುಲ್ತಾನರ ಮನೆಜಗಳವೂ ಒಂದು ಕಾರಣ.

ಕಾಲಾಂತರದಲ್ಲಿ ಬಂದ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿ ಹಳೆಯ ಪ್ರಶ್ನೆಯು ಹೊಸ ಉಡುಪನ್ನು ತೊಟ್ಟಿತು. ಅವರ ದಿವಾನನಾದ ಮೊದಲನೆಯ ಸಾಲಾರ್ ಜಂಗನು ಆಡಳಿತವನ್ನು ಸುಧಾರಿಸಲು ಉತ್ತರ ಹಿಂದೂಸ್ಥಾನದಿಂದ ಅಧಿಕಾರಿಗಳನ್ನು ಕರೆಸಿಕೊಂಡನು. ನಾಡಿನ ಜನರು ತಾವು ಮುಲ್ಕಿಗಳು, ಬಂದವರು ಗೈರ್‌ಮುಲ್ಕಿಗಳು ಎಂದು ಗೊಣಗಿದರು. ಹೊರಗಿನಿಂದ ಬಂದವನು ಹದಿನೈದು ವರ್ಷ ರಾಜ್ಯದಲ್ಲಿ ನೆಲೆಸಿದರೆ ಮುಲ್ಕಿ ಎಂಬ ನಿಯಮವಾಯಿತು. ವಿಭಾಗದ ಮುಖ್ಯ ಪಟ್ಟಣವಾಗಿದ್ದ ಗುಲ್ಬರ್ಗದ, ಎಂದರೆ ಕಲಬುರಗಿಯ, ಕಚೇರಿಗಳಲ್ಲಿ ಆಡಳಿತವು ಉರ್ದುವಿನಲ್ಲಿ ನಡೆದು, ಕನ್ನಡ ಮಾತಿನವನು ಮುಲ್ಕಿಯಾಗಿದ್ದೂ ಪರಕೀಯನಂತೆ ಬಾಗಿಲಲ್ಲಿ ನಿಂತನು. ಮತಗಳ ಕಲಹವು ಮೇಲೆದ್ದುದು ಈ ಕಾಲದಲ್ಲಿ: 1924ರ ಆಗಸ್ಟಿನಲ್ಲಿ ನಗರದ ದೇವಾಲಯಗಳ ಮೇಲೆ ದಾಳಿ ನಡೆಯಿತು, 1948ರಲ್ಲಿ ಮೊದಲು ನಿಜಾಮನ ಪಕ್ಷದ ರಜಾಕಾರರ ಕ್ರೌರ್ಯವೂ, ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೆ ಮುಸಲ್ಮಾನರ ಮೇಲಿನ ಹಿಂಸೆಯೂ ನಡೆದುವು, ಮತ್ತು ಆ ಹಿಂಸೆಯನ್ನು ವಿಚಾರಿಸಲು ಬಂದ ಸುಂದರಲಾಲ್ ಸಮಿತಿಯು ಅತಿ ಹೆಚ್ಚು ಪೀಡಿತವಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗವನ್ನೂ ಹೆಸರಿಸಿತು. ಆ ನೋವಿನಲ್ಲಿ ಎರಡು ಕಡೆಯ ಮನೆಗಳೂ ಇಂದಿಗೂ ತಮ್ಮ ತಮ್ಮ ಅರ್ಧವನ್ನಷ್ಟೇ ಹೇಳುತ್ತವೆ. 1952ರಲ್ಲಿ ಹೈದರಾಬಾದಿನಲ್ಲಿ ಮುಲ್ಕಿ ಚಳವಳಿಯು ಮತ್ತೆ ಹೊತ್ತಿತು. ಈ ಸಲ ಗೈರ್‌ಮುಲ್ಕಿಗಳೆಂದರೆ ಮುಖ್ಯವಾಗಿ ಮದರಾಸು ಪ್ರಾಂತದಿಂದ ಬಂದ ನೌಕರರು.

1956ರಲ್ಲಿ ಈ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿದ ತರುವಾಯ ಮೈಸೂರು ಕಡೆಯಿಂದ ಬಂದ ಅಧಿಕಾರಿಗಳ ವಿಷಯದಲ್ಲಿಯೂ ಅದೇ ಮಾತು ಕೇಳಿಬಂದಿತು, ಒಂದೇ ನುಡಿಯವರಾಗಿದ್ದರೂ. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371ಜೆ ವಿಧಿಯು ಬಂದು, 2013ರಿಂದ ಈ ಸೀಮೆಯವರಿಗೆ ಹುದ್ದೆಗಳಲ್ಲಿಯೂ ವಿದ್ಯಾಲಯಗಳಲ್ಲಿಯೂ ಪಾಲು ಗೊತ್ತಾಯಿತು. ಬಹುಕಾಲದ ಅನಾದರಕ್ಕೆ ಅದು ತಕ್ಕ ಪರಿಹಾರವೆಂದೇ ನನ್ನ ತೀರ್ಮಾನ. ಇಲ್ಲಿ ಹುಟ್ಟಿದವನು, ಅಥವಾ ನಿಯಮದ ದಿನಾಂಕಕ್ಕೆ ಹಿಂದೆ ಹತ್ತು ವರ್ಷ ಇಲ್ಲಿ ವಾಸಿಸಿದವನು, ಸ್ಥಳೀಯನೆಂಬ ಪ್ರಮಾಣಪತ್ರಕ್ಕೆ ಅರ್ಹನು. ಕಮಲಾಪುರದ ಹುಡುಗರು ಆ ಕಾಗದವನ್ನು ಅರ್ಜಿಗೆ ಲಗತ್ತಿಸಿ ಕಲಬುರಗಿಯ ಪರೀಕ್ಷಾಕೇಂದ್ರಗಳಿಗೆ ಬರುತ್ತಾರೆ. ನಿಜಾಮರ ಹದಿನೈದು ವರ್ಷದ ಅಳತೆಯನ್ನಿಡಲಿ, ಇಂದಿನ ಹತ್ತು ವರ್ಷದ ಅಳತೆಯನ್ನಿಡಲಿ, 1453ರಲ್ಲಿ ಬಂದು 1481ರಲ್ಲಿ ಕೊಲೆಯಾದ ಮಹಮೂದ್ ಗವಾನನು ಅಷ್ಟರಲ್ಲಿ ಈ ರಾಜ್ಯದಲ್ಲಿ ಇಪ್ಪತ್ತೆಂಟು ವರ್ಷ ಕಳೆದಿದ್ದನು.